ಕಾರೇನೋ ಚುರುಕು, ಚಾರ್ಜಿಂಗ್ ಎಲ್ಲಿ?

ಕ್ರಾಸ್‌ಓವರ್ ಎಂದರೆ ಎಸ್‌ಯುವಿಯ ನಿಲುವಿರುವ ಕಾರು. ಹಳೆಯ ಜೀಪು, ಬೊಲೆರೊಗಳಲ್ಲಿ ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ. ಕ್ರಾಸ್‌ಓವರಿನಲ್ಲಿ ಇವು ಬೇರೆಬೇರೆ ಇರುವುದಿಲ್ಲ. ಮಾಮೂಲಿ ಕಾರಿನಂತೆ ಇಡೀ ಬಾಡಿಯೇ ಭಾರ ಹೊರುತ್ತದೆ. ಎತ್ತರದ ಸೀಟು, ಗುಂಡಿ-ಉಬ್ಬು ದಾಟುವಷ್ಟು ಗ್ರೌಂಡ್ ಕ್ಲಿಯರೆನ್ಸ್ ಎಸ್‌ಯುವಿಯಿಂದ ಬಂದರೆ, ಓಟದ ಹದ ಕಾರಿನದೇ. ವಿದ್ಯುತ್ ವಾಹನಕ್ಕೆ (ಇ.ವಿ.) ಈ ಆಕಾರ ಒಗ್ಗಿದ್ದಕ್ಕೂ ಕಾರಣವಿದೆ. ಬ್ಯಾಟರಿಯನ್ನು ಕಾರಿನ ತಳದಲ್ಲಿ ಚಪ್ಪಟೆಯಾಗಿ ಹಾಸಬೇಕು. ಅರ್ಧ ಗೇಣಿನಷ್ಟು ಆ ದಪ್ಪದಿಂದ ತಗ್ಗಿನ ಸೆಡಾನ್‌ನಲ್ಲಿ ಕೂತವರ ಮೊಣಕಾಲು ಮೇಲೇಳುತ್ತದೆ, ಎತ್ತರದ ಕಾರಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಭಾರತದ ಮಾರುಕಟ್ಟೆಗೆ ಈಚೆಗೆ ಬಂದ ಇ.ವಿ.ಗಳಲ್ಲಿ ಹೆಚ್ಚಿನವು ಕ್ರಾಸ್‌ಓವರ್‌ಗಳೇ ಆಗಿರುವುದು ಇದರಿಂದ.

ಇವುಗಳಲ್ಲೇ ಒಂದು ಚಿಕ್ಕ ಗುಂಪು ‘ಸ್ಪೋರ್ಟಿ’ ಎಂಬ ಹಣೆಪಟ್ಟಿ ಹೊತ್ತಿದೆ. ಹಿಂದಕ್ಕೆ ಇಳಿಜಾರಾದ ಚಾವಣಿ, ದೊಡ್ಡ ಚಕ್ರ, ಮುನಿದ ಮುಖ, ಕಾಲಿಟ್ಟ ಕೂಡಲೇ ಜಿಗಿಯುವ ಮೋಟಾರು. 2024ರ ಆಗಸ್ಟ್‌ನಲ್ಲಿ ಬಂದ ಟಾಟಾ ಕರ್ವ್ ಇ.ವಿ., ಅದೇ ವರ್ಷ ನವೆಂಬರ್ 26ರಂದು ಚೆನ್ನೈಯಲ್ಲಿ ಅನಾವರಣಗೊಂಡ ಮಹೀಂದ್ರ ಬಿಇ 6, 2025ರ ಜನವರಿಯ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ ಒಂದೇ ಗಿರಾಕಿಯ ಮೇಲೆ ಕಣ್ಣಿಟ್ಟ ಕಾರುಗಳು. ಬಿಡುಗಡೆಯ ಹೊತ್ತಿಗೆ ಆರಂಭದ ಬೆಲೆ ಮೂರಕ್ಕೂ ಎಕ್ಸ್-ಶೋರೂಂ 17ರಿಂದ 19 ಲಕ್ಷ ರೂಪಾಯಿ ಇತ್ತು. ಇವುಗಳಲ್ಲಿ ಸ್ಪೋರ್ಟಿ ಎಂಬ ಮಾತನ್ನು ಗಂಭೀರವಾಗಿ ತೆಗೆದುಕೊಂಡಿರುವುದು ಬಿಇ 6. ಆದ್ದರಿಂದ ಈ ಬಗೆಯ ಕಾರನ್ನು ಕೊಳ್ಳಬೇಕೋ ಬೇಡವೋ ಎಂಬ ಲೆಕ್ಕಾಚಾರಕ್ಕೆ ಅದೇ ಒಳ್ಳೆಯ ಉದಾಹರಣೆ.

ಮಹೀಂದ್ರದ ವಿದ್ಯುತ್ ಕಾರಿನ ವಂಶಾವಳಿಯಲ್ಲಿ ಬೆಂಗಳೂರಿಗೂ ಪಾಲಿದೆ. ಇಲ್ಲಿನ ಮೈನಿ ಸಮೂಹದ ರೇವಾ ಕಾರು 2001ರಲ್ಲಿ ಮಾರಾಟಕ್ಕೆ ಬಂತು. ಸೀಸ-ಆಮ್ಲದ ಬ್ಯಾಟರಿ, ಎರಡೇ ಬಾಗಿಲು, ಒಂದು ಚಾರ್ಜಿಗೆ 80 ಕಿಲೋಮೀಟರಿನ ಓಟ. ಲಂಡನ್ನಿನಲ್ಲಿ ಅದು ಜಿ-ವಿಝ್ ಎಂಬ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರ ಆ ಕಂಪನಿಯ ಬಹುಪಾಲು ಷೇರು ಕೊಂಡಿತು. ರೇವಾ ಕೊಂಡವರಿಗೆ ವೇಗದ ಹಂಬಲ ಇರಲಿಲ್ಲ. ಪೆಟ್ರೋಲ್ ಉಳಿದರೆ ಸಾಕಿತ್ತು. ಎರಡೂವರೆ ದಶಕ ಕಳೆಯುವುದರೊಳಗೆ ಅದೇ ಮನೆತನದ ಕಾರು ವೇಗವನ್ನೇ ಮುಂದಿಟ್ಟು ಗಿರಾಕಿಯನ್ನು ಕರೆಯುತ್ತಿದೆ. ಅನಾವರಣದ ದಿನ ಅದರ ಹೆಸರು ಬಿಇ 6ಇ ಎಂದಿತ್ತು. ‘6ಇ’ ತನ್ನ ವಿಮಾನಗಳ ಗುರುತು ಎಂದು ಇಂಡಿಗೊ ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಬಾಲದ ಅಕ್ಷರ ಬಿತ್ತು.

ಜಿಗಿತಕ್ಕೆ ಕೊಡುವ ಬೆಲೆ

ಪೆಟ್ರೋಲ್ ಎಂಜಿನ್ ತನ್ನ ಪೂರ್ತಿ ಎಳೆತ ತೋರಿಸಲು ಒಂದಷ್ಟು ಸುತ್ತು ತಿರುಗಿ ಹುರುಪೇರಬೇಕು. ವಿದ್ಯುತ್ ಮೋಟಾರಿಗೆ ಆ ಕಾಯುವಿಕೆ ಇಲ್ಲ. ಸುರುಳಿಯಲ್ಲಿ ಕರೆಂಟು ಹರಿದ ಕ್ಷಣವೇ ಕಾಂತಬಲ ಹುಟ್ಟುವುದರಿಂದ, ನಿಂತ ಸ್ಥಿತಿಯಿಂದಲೇ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ. ಗೇರು ಬದಲಿಸುವ ತಡವೂ ಇಲ್ಲ. ಬಿಇ 6ರ ದೊಡ್ಡ ಬ್ಯಾಟರಿಯ ಮಾದರಿಯಲ್ಲಿ ಮೋಟಾರಿನ ಶಕ್ತಿ 210 ಕಿಲೋವ್ಯಾಟ್, ಟಾರ್ಕ್ 380 ನ್ಯೂಟನ್ ಮೀಟರ್. ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ ಕಂಪನಿ ಹೇಳುವ ಸಮಯ 6.7 ಸೆಕೆಂಡು. ಕ್ರೆಟಾ ಎಲೆಕ್ಟ್ರಿಕ್ 7.9 ಸೆಕೆಂಡು, ಕರ್ವ್ 8.6 ಸೆಕೆಂಡು ತೆಗೆದುಕೊಳ್ಳುತ್ತವೆ. ಅವೆರಡರಲ್ಲಿ ಮುಂದಿನ ಚಕ್ರಗಳು ಕಾರನ್ನು ಎಳೆದರೆ, ಬಿಇ 6ರಲ್ಲಿ ಹಿಂದಿನ ಚಕ್ರಗಳು ತಳ್ಳುತ್ತವೆ. ಜೋರಾಗಿ ಹೊರಟಾಗ ಕಾರಿನ ಭಾರ ಹಿಂದಕ್ಕೆ ವಾಲುವುದರಿಂದ ಹಿಡಿತ ಹೆಚ್ಚಾಗುವುದೂ ಅಲ್ಲೇ. ಸ್ಟೀರಿಂಗಿನಲ್ಲಿ ಎಳೆದಾಟ ಇರುವುದಿಲ್ಲ.

ಇಷ್ಟು ಶಕ್ತಿಯನ್ನು ಬಳಸುವುದೆಲ್ಲಿ ಎಂಬುದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಲೇಸು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100 ಕಿ.ಮೀ.; ಉದ್ದಕ್ಕೂ ಕ್ಯಾಮೆರಾಗಳಿವೆ. ರಾಜ್ಯದಲ್ಲಿ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಹಾಗಿದ್ದೂ ಈ ಶಕ್ತಿ ಪೂರ್ತಿ ದಂಡವೇನಲ್ಲ. ಎರಡೇ ಪಥದ ರಾಜ್ಯ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ಹಿಂದಿಕ್ಕುವಾಗ 60ರಿಂದ 90ಕ್ಕೆ ಏರುವ ಕೆಲವು ಸೆಕೆಂಡುಗಳಲ್ಲಿ ಅದರ ನಿಜವಾದ ಉಪಯೋಗ ಕಾಣುತ್ತದೆ. ಎದುರಿನ ಪಥದಲ್ಲಿ ಕಳೆಯುವ ಹೊತ್ತು ಕಡಿಮೆಯಾದಷ್ಟೂ ಜೀವಕ್ಕೆ ಕ್ಷೇಮ.

ಸ್ಪೋರ್ಟಿ ಆಕಾರ ಕಿತ್ತುಕೊಳ್ಳುವುದು ಮುಖ್ಯವಾಗಿ ಹಿಂದಿನ ಸೀಟಿನವರಿಂದ. ಇಳಿಜಾರು ಚಾವಣಿಯಿಂದ ತಲೆಯ ಮೇಲಿನ ಜಾಗ ಕುಗ್ಗುತ್ತದೆ, ಕಿಟಕಿ ಕಿರಿದಾಗುತ್ತದೆ, ಹಿಂಬದಿಯ ಗಾಜು ಮಲಗಿ ರಿವರ್ಸ್ ತೆಗೆಯುವಾಗ ಕ್ಯಾಮೆರಾವನ್ನೇ ನಂಬಬೇಕಾಗುತ್ತದೆ. ದೊಡ್ಡ ಚಕ್ರಗಳಿಗೆ ಸುತ್ತುವ ಟಯರಿನ ಗೋಡೆ ತೆಳ್ಳಗಿರುವುದರಿಂದ ಗುಂಡಿಯ ಪೆಟ್ಟು ಮೈಗೆ ಬೇಗ ತಟ್ಟುತ್ತದೆ, ರಿಮ್ಮಿಗೂ ತಟ್ಟುತ್ತದೆ. ಎರಡು ಟನ್ ಆಸುಪಾಸಿನ ತೂಕ, ಅದರ ಮೇಲೆ ತಟ್ಟನೆ ಎರಗುವ ಟಾರ್ಕ್: ಟಯರು ಬೇಗ ಸವೆಯದೆ ವಿಧಿಯಿಲ್ಲ. ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಕೊಡುವ ರೂಢಿ ಇ.ವಿ.ಗಳಲ್ಲಿ ಬೆಳೆದಿದೆ, ಊರ ಹೊರಗೆ ಟಯರಿನ ಪಕ್ಕೆ ಹರಿದರೆ ಕಿಟ್ ಕೆಲಸಕ್ಕೆ ಬಾರದು.

ಟೆಸ್ಟ್ ಡ್ರೈವಿನಲ್ಲಿ ಸ್ಟೀರಿಂಗ್ ಹಿಡಿದವರಿಗೆ ಖುಷಿಯೋ ಖುಷಿ. ತೀರ್ಪು ಕೊಡಬೇಕಾದವರು ಮಾತ್ರ ಹಿಂದೆ ಕೂತವರು. ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಮೋಟಾರೇ ಜನರೇಟರಾಗಿ ಕಾರನ್ನು ನಿಧಾನಿಸುತ್ತದೆ. ಇದಕ್ಕೆ ರೀಜೆನ್ ಎನ್ನುತ್ತಾರೆ. ಅದನ್ನು ಗರಿಷ್ಠ ಮಟ್ಟದಲ್ಲಿಟ್ಟು ಹೊಸಬರು ಓಡಿಸಿದರೆ ಕಾರು ಮುಂದಕ್ಕೆ-ಹಿಂದಕ್ಕೆ ತೂಗಿ, ಎಂದೂ ವಾಂತಿ ಮಾಡದ ಮಕ್ಕಳೂ ವಾಂತಿ ಮಾಡುತ್ತಾರೆ. ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂರಿಸಿ, ಉಬ್ಬುತಗ್ಗಿನ ರಸ್ತೆಯಲ್ಲಿ ಓಡಿಸಿ, ಹತ್ತಿಳಿಯಲು ಹೇಳಿ ನೋಡುವುದು ಹತ್ತು ವಿಡಿಯೊ ವಿಮರ್ಶೆಗಳಿಗೆ ಸಮ.

ಸುರಕ್ಷತೆಯ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಬಿಇ 6 ಐದು ನಕ್ಷತ್ರ ಪಡೆದಿದೆ; ವಯಸ್ಕರ ರಕ್ಷಣೆಯಲ್ಲಿ 32ಕ್ಕೆ 31.97 ಅಂಕ. ಕರ್ವ್‌ಗೂ ಐದು ನಕ್ಷತ್ರಗಳಿವೆ.

ರೇಂಜು: ಕಾಗದದ್ದು, ರಸ್ತೆಯದು

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್-ಅವರ್‌ನಲ್ಲಿ ಹೇಳುತ್ತಾರೆ. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೂ ಅದೇ. ಬಿಇ 6ಕ್ಕೆ 59 ಮತ್ತು 79 ಯೂನಿಟ್‌ನ ಎರಡು ಬ್ಯಾಟರಿಗಳಿವೆ. ಕರ್ವ್‌ಗೆ 45 ಮತ್ತು 55, ಕ್ರೆಟಾ ಎಲೆಕ್ಟ್ರಿಕ್‌ಗೆ 42 ಮತ್ತು 51.4. ಪ್ರಯೋಗಶಾಲೆಯ ರೋಲರಿನ ಮೇಲೆ, ನಿಗದಿತ ವೇಗದಲ್ಲಿ ಓಡಿಸಿ ಪಡೆದ ಪ್ರಮಾಣಿತ ರೇಂಜ್ 79 ಯೂನಿಟ್‌ನ ಬಿಇ 6ಕ್ಕೆ 682 ಕಿ.ಮೀ. ಈ ಪರೀಕ್ಷೆಯಲ್ಲಿ ವೇಗ 90 ಕಿ.ಮೀ. ದಾಟುವುದಿಲ್ಲ. ರಸ್ತೆಯಲ್ಲಿ ಅದೇ ಕಾರಿನಿಂದ 450ರಿಂದ 500 ಕಿ.ಮೀ. ನಿರೀಕ್ಷಿಸುವುದು ನ್ಯಾಯ. ಯಾವುದೇ ಇ.ವಿ. ಆದರೂ ಜಾಹೀರಾತಿನ ಅಂಕಿಯ ಮೂರನೇ ಎರಡರಿಂದ ಮುಕ್ಕಾಲು ಪಾಲನ್ನು ತನ್ನದೆಂದು ತಿಳಿದರೆ ದಾರಿಯಲ್ಲಿ ಪೇಚಾಟ ತಪ್ಪುತ್ತದೆ.

ರೇಂಜನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುವುದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 120 ಕಿ.ಮೀ.ಗೆ ಏರಿದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ಪೆಟ್ರೋಲ್ ಕಾರಿನ ಅನುಭವಕ್ಕೆ ಇದು ಉಲ್ಟಾ. ಆ ಕಾರು ಹೆದ್ದಾರಿಯಲ್ಲಿ ಒಳ್ಳೆಯ ಮೈಲೇಜು ಕೊಟ್ಟು ಊರೊಳಗೆ ಪೆಟ್ರೋಲ್ ಕುಡಿಯುತ್ತದೆ. ಇ.ವಿ.ಗೆ ಬೆಂಗಳೂರಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕೇ ವಾಸಿ. ನಿಂತಾಗ ಮೋಟಾರು ತಿರುಗುವುದಿಲ್ಲ, ಬ್ರೇಕು ಹಾಕಿದಾಗಲೆಲ್ಲ ಒಂದಿಷ್ಟು ಕರೆಂಟು ವಾಪಸು ಬರುತ್ತದೆ, ಒಂದು ಗಂಟೆ ಎ.ಸಿ. ಓಡಿದರೂ ಹೋಗುವುದು ಒಂದೆರಡು ಯೂನಿಟ್. ಹೀಗಾಗಿ ಸ್ಪೋರ್ಟಿ ಕಾರಿಗೆ ಅದರ ರೇಂಜೇ ಎದುರಾಳಿ: ಯಾವ ವೇಗಕ್ಕಾಗಿ ಅದನ್ನು ಕೊಳ್ಳುತ್ತಾರೋ ಆ ವೇಗದಲ್ಲೇ ಬ್ಯಾಟರಿ ಬೇಗ ಬರಿದಾಗುತ್ತದೆ.

ಇನ್ನು ಘಾಟಿ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ.; ಸಕಲೇಶಪುರ ದಾಟಿದ ಮೇಲೆ ಶಿರಾಡಿಯಲ್ಲಿ ರಸ್ತೆ ಹತ್ತಿರ ಹತ್ತಿರ 800 ಮೀಟರ್ ಕೆಳಗಿಳಿಯುತ್ತದೆ. ನಾಲ್ವರು ಕೂತ ಎರಡೂಕಾಲು ಟನ್ನಿನ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಶಾಲೆಯ ಭೌತವಿಜ್ಞಾನದ ಲೆಕ್ಕದಲ್ಲೇ ಸುಮಾರು 5 ಯೂನಿಟ್, ಅಂದರೆ ಬಯಲು ಸೀಮೆಯ 30 ಕಿ.ಮೀ. ಓಟಕ್ಕೆ ಸಾಕಾಗುವಷ್ಟು. ಮಂಗಳೂರಿಗೆ ಹೋಗುವಾಗ ಇಳಿಜಾರಿನಲ್ಲಿ ಅದರ ಅರ್ಧಕ್ಕೂ ಹೆಚ್ಚು ಪಾಲು ಬ್ಯಾಟರಿಗೆ ಮರಳುತ್ತದೆ. ಬರುವಾಗ ಅಷ್ಟನ್ನೂ ತೆರಬೇಕು. 79 ಯೂನಿಟ್‌ನ ಕಾರು ಹೋಗುವ ದಾರಿಯನ್ನು ಒಂದೇ ಚಾರ್ಜಿನಲ್ಲಿ ಮುಗಿಸೀತು. 59ರದ್ದಾದರೆ ಹಾಸನದಲ್ಲಿ ಊಟದ ಹೊತ್ತಿಗೆ ಪ್ಲಗ್ ಚುಚ್ಚುವುದು ಜಾಣತನ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಡಿಕೇರಿಯಂಥ ಎತ್ತರದ ಊರಲ್ಲಿ ರಾತ್ರಿ ನೂರಕ್ಕೆ ನೂರು ಚಾರ್ಜು ಮಾಡಿ ಬೆಳಗ್ಗೆ ಘಾಟಿ ಇಳಿದರೆ ತುಂಬಿದ ಬ್ಯಾಟರಿಗೆ ಹೊಸ ಕರೆಂಟು ಹಿಡಿಯುವುದಿಲ್ಲ. ರೀಜೆನ್ ಕೈಕೊಡುತ್ತದೆ, ಕಾರು ನಿರೀಕ್ಷೆಯಷ್ಟು ನಿಧಾನಿಸದು, ಭಾರವೆಲ್ಲ ಬ್ರೇಕ್ ಪ್ಯಾಡುಗಳ ಮೇಲೆ ಬೀಳುತ್ತದೆ. ಅಂಥ ಕಡೆ ಶೇ 80-90ಕ್ಕೆ ಚಾರ್ಜು ನಿಲ್ಲಿಸುವುದು ಒಳ್ಳೆಯದು.

ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ

ಕೊಳ್ಳುವ ನಿರ್ಧಾರವನ್ನು ಕೊನೆಗೂ ತೀರ್ಮಾನಿಸುವ ಪ್ರಶ್ನೆ ಇದು. ಸ್ವಂತ ಮನೆಯ ಗೇಟಿನೊಳಗೆ ನಿಲ್ಲುವ ಕಾರಿಗೆ ಗೀಸರಿಗೆ ಬಳಸುವಂಥ 15 ಆಂಪಿಯರಿನ ಪ್ಲಗ್ಗೇ ಬಹುಮಟ್ಟಿಗೆ ಸಾಕು. ಅದರಿಂದ ಗಂಟೆಗೆ 3 ಯೂನಿಟ್ ಹರಿಯುತ್ತದೆ. ಖಾಲಿ ಬ್ಯಾಟರಿ ತುಂಬಲು ಒಂದು ದಿನಕ್ಕೂ ಹೆಚ್ಚು ಬೇಕು ಎಂದು ಕೇಳಿ ಹಲವರು ಹೌಹಾರುತ್ತಾರೆ. ಆದರೆ ಪ್ರತಿದಿನ ಯಾರೂ ಬ್ಯಾಟರಿ ಖಾಲಿ ಮಾಡುವುದಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸಿಗುವ 24 ಯೂನಿಟ್ಟಿನಿಂದ 130 ಕಿ.ಮೀ. ಓಡಬಹುದು, ನಗರದ ದಿನಚರಿಗೆ ಬೇಕಾಗುವುದು ಅದರಲ್ಲಿ ಕಾಲು ಭಾಗವೋ ಮೂರನೇ ಒಂದು ಭಾಗವೋ. 7.2 ಅಥವಾ 11.2 ಕಿಲೋವ್ಯಾಟಿನ ಗೋಡೆ ಚಾರ್ಜರನ್ನು ಬಿಇ 6ರ ಬೆಲೆಯಲ್ಲಿ ಸೇರಿಸಿರಲಿಲ್ಲ. ಬಿಡುಗಡೆಯ ಹೊತ್ತಿಗೆ ಅದಕ್ಕೆ ಕ್ರಮವಾಗಿ 50 ಸಾವಿರ, 75 ಸಾವಿರ ರೂಪಾಯಿ ಪ್ರತ್ಯೇಕ ಹೇಳಿದ್ದರು. ದಿನಕ್ಕೆ ನೂರು ಕಿ.ಮೀ. ಮೀರಿ ಓಡುವವರಿಗೆ ಅದು ಬೇಕು. ಉಳಿದವರು ಮೊದಲ ಕೆಲವು ತಿಂಗಳು ಪ್ಲಗ್ಗಿನಲ್ಲೇ ನಡೆಸಿ ನೋಡಬಹುದು.

ಗೋಡೆ ಚಾರ್ಜರ್ ಬೇಕೆಂದಾದರೆ ಮನೆಯ ಮಂಜೂರಾದ ಲೋಡು ನೋಡಬೇಕು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಬಿಲ್ಲುಗಳಲ್ಲಿ ಅದು ಕಿಲೋವ್ಯಾಟಿನಲ್ಲಿ ಅಚ್ಚಾಗಿರುತ್ತದೆ. ಹಳೆಯ ಮನೆಗಳಲ್ಲಿ ಎರಡೋ ಮೂರೋ ಇರುವುದು ಸಾಮಾನ್ಯ. ಏಳು ಕಿಲೋವ್ಯಾಟ್ ಎಳೆಯುವ ಚಾರ್ಜರನ್ನು ಅದರ ಮೇಲೆ ಹೇರಲಾಗದು. ಲೋಡು ಹೆಚ್ಚಿಸಲು ಅರ್ಜಿ, ಠೇವಣಿ, ಕೆಲವೆಡೆ ಸಿಂಗಲ್ ಫೇಸಿನಿಂದ ಮೂರು ಫೇಸಿಗೆ ಬದಲಾವಣೆ ಆಗಬೇಕು. ಮಂಜೂರಾದ ಲೋಡಿಗೆ ತಕ್ಕಂತೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಮೀಟರಿನಿಂದ ಚಾರ್ಜರಿನವರೆಗೆ 6 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿ, ಅದಕ್ಕೇ ಮೀಸಲಾದ ಎಂಸಿಬಿ ಇರಬೇಕು.

ಇದೆಲ್ಲಕ್ಕಿಂತ ಹೆಚ್ಚು ಕಾಡುವುದು ಅರ್ಥಿಂಗ್. ಫ್ರಿಜ್ಜು, ಮಿಕ್ಸಿ ಸದ್ದಿಲ್ಲದೆ ಓಡುವ ಮನೆಯಲ್ಲೂ ಇ.ವಿ. ಚಾರ್ಜರ್ ಕೆಂಪು ದೀಪ ತೋರಿಸಿ ಮುಷ್ಕರ ಹೂಡುವುದುಂಟು. ಚಾರ್ಜು ಶುರುವಾಗುವ ಮೊದಲು ಅದು ಅರ್ಥ್ ತಂತಿಯನ್ನು ಪರೀಕ್ಷಿಸುತ್ತದೆ. ಅನುಮಾನ ಬಂದರೆ ಕರೆಂಟು ಬಿಡುವುದಿಲ್ಲ. ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲಿಗೂ ಇನ್ನೊಂದನ್ನು ಅರ್ಥಿಗೂ ಇಟ್ಟು ನೋಡುತ್ತಾನೆ. ಎರಡು-ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಂಗಳದ ಮೂಲೆಯ ಅರ್ಥಿಂಗ್ ಗುಂಡಿಯ ಕಡೆ ಹೋಗಬೇಕು. ಮನೆ ಕಟ್ಟುವಾಗ ಇದ್ದಿಲು, ಉಪ್ಪು ತುಂಬಿ ಮುಚ್ಚಿದ ಆ ಗುಂಡಿ ಹತ್ತು ವರ್ಷದಲ್ಲಿ ಒಣಗಿ, ಒಳಗಿನ ತಗಡು ತುಕ್ಕು ತಿಂದಿರುತ್ತದೆ. ಬೇಸಿಗೆಯಲ್ಲಿ ಎರಡು ಕೊಡ ನೀರು ಸುರಿದರೆ ಆ ಹೊತ್ತಿಗೆ ಸರಿಹೋದರೂ, ಇಷ್ಟು ಬೆಲೆಯ ಕಾರಿಗೆ ಹೊಸ ಅರ್ಥ್ ಪಿಟ್ ತೋಡಿಸುವುದೇ ಸರಿ. ಶೋರೂಮಿನವರು ಚಾರ್ಜರ್ ಕೂರಿಸಲು ಬರುವ ಮೊದಲು ಈ ಕೆಲಸ ಮುಗಿದಿದ್ದರೆ ಅರ್ಧ ತಲೆನೋವು ಕಡಿಮೆ.

ಕರ್ನಾಟಕಕ್ಕೇ ಸೇರಿದ ಒಂದು ಗಂಟು ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ಒಳಗಿನ ಅರ್ಹ ಬಳಕೆಗೆ ಈ ಯೋಜನೆಯಲ್ಲಿ ಬಿಲ್ಲಿಲ್ಲ; 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು, ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ, ಸುಮಾರು 175 ಯೂನಿಟ್ ಬೇಡುತ್ತದೆ. ಮನೆಯ ಬಳಕೆ 80 ಯೂನಿಟ್ ಇದ್ದರೂ ಒಟ್ಟು 255 ಆಗಿ, ಅಲ್ಲಿಯವರೆಗೆ ಸೊನ್ನೆಯಿದ್ದ ಬಿಲ್ಲು ಸಾವಿರದೈನೂರು ದಾಟುತ್ತದೆ. ಇಪ್ಪತ್ತು ಲಕ್ಷದ ಕಾರು ಕೊಳ್ಳುವ ಮನೆಗೆ ಉಚಿತ ವಿದ್ಯುತ್ತು ಬೇಕೇ ಎಂಬುದು ಬೇರೆ ಪ್ರಶ್ನೆ. ಲೆಕ್ಕ ಹಾಕುವವರು ಈ ನಷ್ಟವನ್ನೂ ಕಾರಿನ ಖಾತೆಗೆ ಬರೆಯಬೇಕು, ಇಲ್ಲವೇ ಇ.ವಿ. ಚಾರ್ಜಿಂಗ್‌ಗೆಂದೇ ಇರುವ ದರವರ್ಗದಲ್ಲಿ ಪ್ರತ್ಯೇಕ ಮೀಟರ್ ಪಡೆಯಬೇಕು.

ಅಪಾರ್ಟ್‌ಮೆಂಟುಗಳಲ್ಲಿ ತಂತಿಗಿಂತ ಅಸೋಸಿಯೇಷನ್ ದೊಡ್ಡ ಅಡಚಣೆ. ಮೀಟರ್ ಕೋಣೆಯಿಂದ ಎರಡನೇ ಬೇಸ್‌ಮೆಂಟಿನ ಪಾರ್ಕಿಂಗಿಗೆ ತಂತಿ ಎಳೆಯಲು ಅನುಮತಿ, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ, ಬೆಂಕಿಯ ಭಯ, ‘ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ’ ಎಂಬ ತಕರಾರು, ಎಲ್ಲವೂ ಸಭೆಯಲ್ಲಿ ಏಳುತ್ತವೆ. ಕಾರು ಬುಕ್ ಮಾಡಿ ಆಮೇಲೆ ಅನುಮತಿ ಕೇಳಿದವರು ಪರದಾಡುತ್ತಾರೆ. ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆ ಶೋರೂಮಿಗೆ ಹೋಗುವುದು ಕ್ರಮ. ಬಾಡಿಗೆ ಮನೆಯಲ್ಲಿರುವವರು, ರಸ್ತೆಬದಿಯಲ್ಲಿ ಕಾರು ನಿಲ್ಲಿಸುವವರು ಈಗಲೇ ಇಂಥ ಕಾರು ಕೊಳ್ಳದಿರುವುದೇ ಮೇಲು. ಕಚೇರಿಯಲ್ಲಿ ಚಾರ್ಜಿಂಗ್ ಇದ್ದರೆ ಮಾತು ಬೇರೆ.

ಸಾರ್ವಜನಿಕ ಡಿಸಿ (ವೇಗದ) ಚಾರ್ಜರುಗಳು ದೂರದ ಪಯಣಕ್ಕೆ ಬೇಕೇ ಬೇಕು, ದಿನನಿತ್ಯಕ್ಕೆ ದುಬಾರಿ. ಬಿಇ 6ರ 79 ಯೂನಿಟ್‌ನ ಬ್ಯಾಟರಿ 175 ಕಿಲೋವ್ಯಾಟ್‌ವರೆಗೆ ಕರೆಂಟು ಹೀರಬಲ್ಲದು. ಶೇ 20ರಿಂದ 80ಕ್ಕೆ 20 ನಿಮಿಷ ಎನ್ನುತ್ತದೆ ಕಂಪನಿ. ಅಷ್ಟು ಶಕ್ತಿಯ ಚಾರ್ಜರ್ ದಾರಿಯಲ್ಲಿ ಸಿಕ್ಕಾಗ ಮಾತ್ರ ಆ ಮಾತು ನಿಜ. ಹೆಚ್ಚಾಗಿ ಕಾಣುವ 60 ಕಿಲೋವ್ಯಾಟಿನದರಲ್ಲಿ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆಯ ಮೇಲೆ, 30ರದ್ದರಲ್ಲಿ ಒಂದೂವರೆ ಗಂಟೆಯ ಮೇಲೆ ಹಿಡಿಯುತ್ತದೆ. ಶೇ 80ರ ನಂತರ ಬ್ಯಾಟರಿಯೇ ಕರೆಂಟಿನ ಹರಿವನ್ನು ತಗ್ಗಿಸುವುದರಿಂದ ಕಾಯುತ್ತ ಕೂರುವುದು ವ್ಯರ್ಥ. ಚಾರ್ಜಿಂಗ್ ಕಂಪನಿಗೊಂದು ಆ್ಯಪ್, ಆ್ಯಪಿಗೊಂದು ವ್ಯಾಲೆಟ್ ಎಂಬ ರಗಳೆ ಬೇರೆ.

ದುಡ್ಡಿನ ಲೆಕ್ಕ

ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲಿ ಮೊದಲು, 2017ರಲ್ಲಿ, ರೂಪಿಸಿದ ರಾಜ್ಯ ಕರ್ನಾಟಕ. ಇ.ವಿ.ಗಳಿಗೆ ಇಲ್ಲಿದ್ದ ಜೀವಾವಧಿ ತೆರಿಗೆಯ ಪೂರ್ತಿ ವಿನಾಯಿತಿಗೆ 2024ರ ತಿದ್ದುಪಡಿಯಲ್ಲಿ ಗೆರೆ ಎಳೆದರು: 25 ಲಕ್ಷ ರೂಪಾಯಿ ಮೀರಿದ ಇ.ವಿ.ಗೆ ಶೇ 10ರಷ್ಟು ತೆರಿಗೆ. ಈ ಗೆರೆ ಬಿಇ 6ರ ಬೆಲೆಪಟ್ಟಿಯ ನಡುವೆಯೇ ಹಾದುಹೋಯಿತು. ಬಿಡುಗಡೆಯ ಹೊತ್ತಿಗೆ 59 ಯೂನಿಟ್‌ನ ಆರಂಭಿಕ ಮಾದರಿಗೆ 18.90 ಲಕ್ಷ, 79 ಯೂನಿಟ್‌ನ ಮೇಲಿನ ದರ್ಜೆಯಾದ ಪ್ಯಾಕ್ ತ್ರೀಗೆ 26.90 ಲಕ್ಷ. ಎರಡನೆಯದಕ್ಕೆ ತೆರಿಗೆಯೇ ಎರಡೂವರೆ ಲಕ್ಷ ದಾಟುತ್ತಿತ್ತು. ಮುಂದೆ ದೊಡ್ಡ ಬ್ಯಾಟರಿಯನ್ನು ನಡುವಿನ ದರ್ಜೆಯಾದ ಪ್ಯಾಕ್ ಟೂಗೂ ಕೊಟ್ಟದ್ದರಿಂದ ಗೆರೆಯ ಈಚೆಗೇ ಅದನ್ನು ಪಡೆಯುವ ದಾರಿ ತೆರೆಯಿತು. ತೆರಿಗೆ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವಂಥವು; ಡೀಲರಿನ ಆನ್-ರೋಡ್ ಚೀಟಿಯನ್ನು ಆರ್‌ಟಿಒ ದರದೊಂದಿಗೆ ತಾಳೆ ನೋಡಬೇಕು.

ಪೆಟ್ರೋಲ್ ಕಾರಿನ ಕಡೆಯೂ ಲೆಕ್ಕ ಬದಲಾಗಿದೆ. 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ರಾಜ್ಯದಲ್ಲಿ ಶೇ 17ರ ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್ ಎಂಬ ದರದಿಂದ ಇ.ವಿ.ಗೆ ದೊಡ್ಡ ಅನುಕೂಲವಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು, ಚಿಕ್ಕ ಪೆಟ್ರೋಲ್ ಕಾರುಗಳಿಗೆ ಶೇ 18, ದೊಡ್ಡವಕ್ಕೆ ಸೆಸ್ ಇಲ್ಲದೆ ಶೇ 40 ಆಯಿತು. ಇ.ವಿ.ಗಳದು ಮೊದಲಿನಂತೆ ಶೇ 5. ಅಂತರ ಇದೆ, ಮೊದಲಿನಷ್ಟಿಲ್ಲ.

ಓಡಿಸುವ ಖರ್ಚಿಗೆ ಬಂದರೆ, ಮನೆಯ ಕರೆಂಟು ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಲೀಟರಿಗೆ 12 ಕಿ.ಮೀ. ಕೊಡುವ ಪೆಟ್ರೋಲ್ ಎಸ್‌ಯುವಿಗೆ, ಪೆಟ್ರೋಲ್ ನೂರು ರೂಪಾಯಿ ಆಸುಪಾಸಿನಲ್ಲಿದ್ದಾಗ, ಎಂಟು ರೂಪಾಯಿಯ ಮೇಲೆ. ಉಳಿಕೆ ಕಿ.ಮೀ.ಗೆ 7 ರೂಪಾಯಿ ಎನ್ನೋಣ. ಎರಡು ಕಾರುಗಳ ಆನ್-ರೋಡ್ ಬೆಲೆಯಲ್ಲಿ 5 ಲಕ್ಷದ ವ್ಯತ್ಯಾಸವಿದ್ದರೆ ಅದು ಮರಳಿ ಬರಲು ಸುಮಾರು 71 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡುವವರಿಗೆ ಮೂರು ವರ್ಷ, ಸಾವಿರ ಓಡುವವರಿಗೆ ಆರು ವರ್ಷ, ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವವರಿಗೆ ಎಂದೆಂದೂ ಇಲ್ಲ. ಹೆಚ್ಚುವರಿ ಐದು ಲಕ್ಷವನ್ನು ಸಾಲದಲ್ಲಿ ತಂದಿದ್ದರೆ ಬಡ್ಡಿಯೂ ಸೇರಿ ಅವಧಿ ಇನ್ನೂ ಹಿಗ್ಗುತ್ತದೆ. ಪೂರ್ತಿ ಸಾರ್ವಜನಿಕ ಡಿಸಿ ಚಾರ್ಜರನ್ನೇ ನೆಚ್ಚಿದರೆ, ಯೂನಿಟ್‌ಗೆ 20 ರೂಪಾಯಿ ಮೀರುವ ದರದಲ್ಲಿ, ಕಿ.ಮೀ.ಗೆ ಮೂರೂವರೆಯಿಂದ ನಾಲ್ಕು ರೂಪಾಯಿ ಬಿದ್ದು ಲಾಭ ಕರಗುತ್ತ ಹೋಗುತ್ತದೆ. ಸರ್ವೀಸಿನ ಖರ್ಚು ಮಾತ್ರ ನಿಜಕ್ಕೂ ಕಡಿಮೆ: ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಬ್ರೇಕ್ ಪ್ಯಾಡ್ ಬಹುಕಾಲ ಬಾಳುತ್ತದೆ. ಅಲ್ಲಿ ಉಳಿಸಿದ್ದರಲ್ಲಿ ಒಂದು ಪಾಲನ್ನು ಟಯರು ತಿನ್ನುತ್ತದೆ.

ಪರಿಸರದ ಹೆಸರಿನಲ್ಲಿ ಕೊಳ್ಳುವವರೂ ಒಂದು ಅಂಕಿ ನೋಡಬೇಕು. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ತಯಾರಿಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ನೂರು ಕಿ.ಮೀ.ಗೆ 17-18 ಯೂನಿಟ್ ತಿನ್ನುವ ಭಾರೀ ಇ.ವಿ.ಯ ಪಾಲಿಗೆ ಕಿ.ಮೀ.ಗೆ 120 ಗ್ರಾಂ ಮೀರಿ ಬರುತ್ತದೆ. ಮೇಲಿನ ಪೆಟ್ರೋಲ್ ಎಸ್‌ಯುವಿಯದು 190 ಗ್ರಾಂ. ವ್ಯತ್ಯಾಸ ನಿಜ, ಸೊನ್ನೆ ಎಂಬುದು ಸುಳ್ಳು. ಮನೆಯ ಮೇಲೆ ಸೌರಫಲಕ ಇದ್ದು ಹಗಲಲ್ಲಿ ಕಾರು ಮನೆಯಲ್ಲೇ ಇರುವವರಿಗೆ ಲೆಕ್ಕ ಇನ್ನೂ ಚೆನ್ನಾಗಿದೆ.

ಬ್ಯಾಟರಿ ಮತ್ತು ಕಾಗದಪತ್ರ

ಬಿಇ 6ರ ಬ್ಯಾಟರಿ ಎಲ್‌ಎಫ್‌ಪಿ ಎಂಬ ಬಗೆಯದು; ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಸೇರಿದ್ದು. ನಿಕಲ್ ಬಳಸುವ ಬ್ಯಾಟರಿಗಳಿಗಿಂತ ಇದರ ತೂಕ ಹೆಚ್ಚು, ಆದರೆ ಬಿಸಿಲಿಗೆ ಬಗ್ಗುವುದು ಕಡಿಮೆ, ಪದೇ ಪದೇ ಪೂರ್ತಿ ಚಾರ್ಜು ಮಾಡಿದರೂ ಬೇಗ ಸೊರಗದು. ಕಲಬುರಗಿ, ರಾಯಚೂರಿನ ಬೇಸಿಗೆಗೆ ಇದೇ ಸರಿಯಾದ ಆಯ್ಕೆ. ನೀರಿನ ಭಯ ಇದ್ದವರು ಐಪಿ67 ಎಂಬ ಗುರುತನ್ನು ಕೇಳಿರುತ್ತಾರೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ನೀರು ನುಗ್ಗಬಾರದು ಎಂಬುದು ಅದರ ಅರ್ಥ. ಅದು ಬ್ಯಾಟರಿ ಪೆಟ್ಟಿಗೆಗೆ ಹೇಳಿದ್ದೇ ಹೊರತು ಇಡೀ ಕಾರಿಗಲ್ಲ. 2022ರ ಸೆಪ್ಟೆಂಬರಿನಂತೆ ಬೆಂಗಳೂರಿನ ಹೊರವರ್ತುಲ ರಸ್ತೆಯೇ ಕೆರೆಯಾದರೆ ಸೀಟು, ವೈರಿಂಗ್, ಪರದೆಗಳು ಯಾವ ಕಾರಿನಲ್ಲಾದರೂ ಹಾಳೇ. ಅದಕ್ಕಿಂತ ನಿತ್ಯದ ಅಪಾಯ, ಅಳತೆಯಿಲ್ಲದೆ ಹಾಕಿದ ರಸ್ತೆ ಉಬ್ಬು. 207 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದ್ದರೂ ಐದು ಜನ, ಲಗೇಜು ತುಂಬಿದಾಗ ಅದು ತಗ್ಗುತ್ತದೆ. ಕಾರಿನ ಬಹು ದುಬಾರಿ ಭಾಗವಾದ ಬ್ಯಾಟರಿ ಅಲ್ಲೇ ತಳದಲ್ಲಿರುವುದರಿಂದ ವಿಮೆಯಲ್ಲಿ ಸವಕಳಿ ಕಳೆಯದ ಪಾಲಿಸಿ, ಬ್ಯಾಟರಿಗೆ ತಗಲುವ ಪೆಟ್ಟಿನ ರಕ್ಷಣೆ ಎರಡೂ ಇರಬೇಕು. ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ಇ.ವಿ.ಗಳಿಗೆ ಶೇ 15 ರಿಯಾಯಿತಿ ಇದೆ.

ಮಾರುವಾಗ ಎಷ್ಟು ಬೆಲೆ ಬಂದೀತು ಎಂಬುದು ಇ.ವಿ. ಕೊಳ್ಳುವವರ ದೊಡ್ಡ ಅಳುಕು. ಹೊಸ ಮಾದರಿ ಬಂದಂತೆಲ್ಲ ಬ್ಯಾಟರಿ ದೊಡ್ಡದಾಗಿ ಬೆಲೆ ಅಷ್ಟೇ ಉಳಿಯುವುದರಿಂದ ಹಳೆಯದಕ್ಕೆ ಬೇಡಿಕೆ ಕುಸಿಯುತ್ತದೆ. ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವ ಚಾಳಿ ಇರುವವರಿಗೆ ಇದು ಹೊಂದುವ ವಾಹನವಲ್ಲ. ಎಂಟು-ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಚಿಂತೆಯಿಲ್ಲ. ಬ್ಯಾಟರಿಯನ್ನು ಕೊಳ್ಳದೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ತೆರುವ ಪದ್ಧತಿಯನ್ನು 2024ರಲ್ಲಿ ಎಂಜಿ ಕಂಪನಿ ವಿಂಡ್ಸರ್ ಕಾರಿನೊಂದಿಗೆ ತಂದದ್ದು ಈ ಅಳುಕನ್ನು ಬಳಸಿಕೊಂಡೇ. ಮಹೀಂದ್ರ ಹಿಡಿದ ದಾರಿ ಬೇರೆ: ಖಾಸಗಿ ಬಳಕೆಯ ಮೊದಲ ಮಾಲೀಕರಿಗೆ ಬ್ಯಾಟರಿಯ ಮೇಲೆ ಜೀವಾವಧಿ ವಾರಂಟಿ. ಕಾರು ಕೈ ಬದಲಿಸಿದರೆ ಅದು 10 ವರ್ಷ ಅಥವಾ 2 ಲಕ್ಷ ಕಿ.ಮೀ.ಗೆ ಇಳಿಯುತ್ತದೆ. ಬ್ಯಾಟರಿಯ ಸಾಮರ್ಥ್ಯ ಎಷ್ಟಕ್ಕೆ ಕುಸಿದರೆ ಬದಲಿಸಿಕೊಡುತ್ತಾರೆ, ಹೊರಗಿನ ಮೆಕ್ಯಾನಿಕ್‌ನಿಂದ ಹಾರ್ನು, ದೀಪಕ್ಕೆ ತಂತಿ ಜೋಡಿಸಿದರೆ ವಾರಂಟಿ ಉಳಿಯುತ್ತದೆಯೇ, ಒಂದು ಸರ್ವೀಸು ತಪ್ಪಿದರೆ ಏನು ಎಂಬ ವಿವರಗಳು ವಾರಂಟಿ ಪುಸ್ತಿಕೆಯ ಸಣ್ಣಕ್ಷರದಲ್ಲಿರುತ್ತವೆ. ಆ ಪುಸ್ತಿಕೆಯನ್ನು ಬುಕಿಂಗ್ ಹಣ ಕಟ್ಟುವ ಮೊದಲೇ ಕೇಳಿ ಪಡೆದು ಓದಬಹುದು.